ಒಗೆದು ತಂದ ಪಂಚೆ

"ಸ್ವಾಮಿಗಳೇ, ಯೋಗ್ಯನನ್ನು ಹಿಂದೆ ತಳ್ಳಿ ಅಯೋಗ್ಯನನ್ನು ಮುಂದೆ ಕೂರಿಸುವುದು ಯಾವ ನ್ಯಾಯ? ದೇವರು ಮಾಡುವುದೂ ಹೀಗೆಯೇ ಏನು?"

ಪವಿತ್ರ ಗುರುವಾರದ ಮಧ್ಯಾಹ್ನ ಚೌರಪ್ಪ ತನ್ನ ಗುರುಗಳನ್ನು ಹೀಗೆ ಕೇಳಿದ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಆ ಸಂಜೆ ಗುರುಗಳು ಊರಿನ ಹನ್ನೆರಡು ಗಂಡಸರ ಕಾಲು ತೊಳೆಯುವುದು ವಾಡಿಕೆ. ಆ ವರ್ಷ ಬೆಂಚಿನ ಮೊದಲ ಜಾಗ ಹೆಣದ ಗುಂಡಿ ತೋಡುವ ಇನ್ನಾಸಿಗೆ ಸಿಕ್ಕಿತ್ತು. ಕೊನೆಯದು ಚೌರಪ್ಪನಿಗೆ.

ಚೌರಪ್ಪ ಅಂದರೆ ಸಾಮಾನ್ಯನೇ? ಇಬ್ಬರು ಜಗ್ಗುವ ಚರ್ಚಿನ ಗಂಟೆಯನ್ನು ಒಂದೇ ಕೈಯಲ್ಲಿ ಬಾರಿಸುವವನು. ಬೈಬಲ್ಲಿನ ನಾಲ್ಕು ಶುಭಸಂದೇಶಗಳೂ ಅವನಿಗೆ ಬಾಯಿಪಾಠ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಒಂದು ಹೊತ್ತು ಉಂಡು ಇಬ್ಬರ ಕೆಲಸ ಮಾಡಿದ್ದ. ಇದನ್ನೆಲ್ಲ ಅವನೇ ಹೇಳಿಕೊಳ್ಳುತ್ತಿದ್ದ, ನಿಜ. ಆದರೆ ಒಂದಕ್ಷರವೂ ಸುಳ್ಳಲ್ಲ. ಆ ದಿನವಂತೂ ಬೆಳಗ್ಗೆಯಿಂದ ಮೂರು ಸಲ ಕಾಲಿಗೆ ಸೋಪು ಹಾಕಿ, ತೆಂಗಿನ ನಾರಿನಿಂದ ಹಿಮ್ಮಡಿ ಉಜ್ಜಿ, ಧೂಳು ತಾಗದಂತೆ ಹುಲ್ಲಿನ ಮೇಲೇ ಹೆಜ್ಜೆಯಿಟ್ಟು ಬಂದಿದ್ದ.

"ಆ ಇನ್ನಾಸಿ ಕ್ರಿಸ್ಮಸ್ಸಿಗೆ ಬಂದವನು ಮತ್ತೆ ಮುಖ ತೋರಿಸಿದ್ದು ಮೊನ್ನೆ. ಅದೂ ಕುಡಿದು ಬಂದು ಬಾಗಿಲಲ್ಲಿ ನಿಂತು ಅತ್ತ. ಅಷ್ಟಕ್ಕೇ ಮೊದಲ ಜಾಗವೇ? ಅದು ನನಗೆ ಸಿಗದಿದ್ದರೆ ನಾನು ಕೂರುವುದೇ ಇಲ್ಲ. ನೀವು ಹನ್ನೊಂದು ಜನರ ಕಾಲನ್ನೇ ತೊಳೆದುಕೊಳ್ಳಿ."

ಗುರುಗಳು ಸಂಜೆಗೆ ಬೇಕಾದ ಹಿತ್ತಾಳೆಯ ಬೋಗುಣಿಯನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೂತುಕೋ. ಒಂದು ಕತೆ ಇದೆ," ಅಂದರು.

ಒಬ್ಬ ದೊರೆ ಮಗನ ಮದುವೆ ಗೊತ್ತುಮಾಡಿ ಊರಿಗೆಲ್ಲ ಡಂಗುರ ಹೊಡೆಸಿದ. ಎಲ್ಲರೂ ಬಿಳಿ ಪಂಚೆ ಉಟ್ಟು ಊಟಕ್ಕೆ ಬರಬೇಕು. ಕೊಳೆಯಾದ ಪಂಚೆಯನ್ನು ಹೊಳೆಯ ದಂಡೆಗೆ ತಂದರೆ ಅರಮನೆಯ ಮಡಿವಾಳನೇ ಒಗೆದುಕೊಡುತ್ತಾನೆ. ಯಾರೂ ಏನೂ ಕೊಡಬೇಕಾಗಿಲ್ಲ.

ಒಬ್ಬ ರೈತನಿದ್ದ. ಅವನಿಗಿದ್ದದ್ದು ಒಂದೇ ಪಂಚೆ. ಅದರ ತುಂಬ ಸಗಣಿ, ಎಣ್ಣೆ, ಬಾಳೆಯ ಕಲೆ. ಅವನು ಸೊಂಟಕ್ಕೆ ಗೋಣಿಚೀಲ ಸುತ್ತಿಕೊಂಡು ಹೊಳೆಗೆ ಬಂದ. ತಲೆ ಎತ್ತಲಿಲ್ಲ.

"ಅಣ್ಣಾ, ಇದನ್ನು ಮುಟ್ಟಲು ನಿನಗೆ ಹೇಸಿಗೆಯಾದೀತು. ಏನು ಮಾಡಲಿ, ಬೇರೆ ಇಲ್ಲ."

ಮಡಿವಾಳ ಕೈ ಚಾಚಿ ತೆಗೆದುಕೊಂಡ.

ಒಬ್ಬ ವ್ಯಾಪಾರಿಯೂ ಇದ್ದ. ಅವನ ಮನೆಯಲ್ಲಿ ಪೆಟ್ಟಿಗೆ ತುಂಬ ಪಂಚೆ. ತನ್ನ ಕೊಳೆಯನ್ನು ಊರವರ ಮುಂದೆ ಬಿಚ್ಚಿಡುವುದೇ ಎಂದುಕೊಂಡ. ಹಿತ್ತಲ ಬಾಗಿಲು ಹಾಕಿ, ಒಳ್ಳೆಯದೊಂದು ಪಂಚೆಯನ್ನು ತಾನೇ ಒಗೆದ. ಒಣಗಿಸಿ, ಮಡಿಸಿ, ಎಲ್ಲರೂ ನೋಡುವಂತೆ ಹಿಡಿದುಕೊಂಡು ಹೊಳೆಗೆ ಬಂದ.

"ಯಜಮಾನರೇ, ಇದರಲ್ಲಿ ನಾನು ಒಗೆಯುವುದು ಏನಿದೆ?" ಎಂದು ಮಡಿವಾಳ ಕೇಳಿದ.

"ಏನೂ ಇಲ್ಲ. ನಮ್ಮ ಮನೆಯ ಕೊಳೆಬಟ್ಟೆಯೇ ಹೀಗಿರುತ್ತದೆ. ಊರು ನೋಡಲಿ ಅಂತ ತಂದೆ."

ಚೌರಪ್ಪ ತೊಡೆ ತಟ್ಟಿ ನಕ್ಕ. "ಭೇಷ್! ಗಂಡಸು ಅಂದರೆ ಅವನು!"

ಗುರುಗಳು ಬೋಗುಣಿಯನ್ನು ಮಗುಚಿ ಹಿಂಬದಿ ಉಜ್ಜತೊಡಗಿದರು.

ಮಡಿವಾಳ ರೈತನ ಪಂಚೆಯನ್ನು ಚೌಳುಮಣ್ಣಿನಲ್ಲಿ ನೆನೆಸಿ, ಹಂಡೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹರವಿದ. ವ್ಯಾಪಾರಿಯ ಪಂಚೆಯ ಮಡಿಕೆ ಬಿಚ್ಚಲೇ ಇಲ್ಲ. ಮದುವೆಯ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ನಿಂತರು. ರೈತನ ಪಂಚೆ ಬೆಳ್ಳಗೆ ಮಲ್ಲಿಗೆಯ ಹಾಗಿತ್ತು. ಅದರ ಪಕ್ಕದಲ್ಲಿ ವ್ಯಾಪಾರಿಯದು ಮಾಸಲಾಗಿ ಕಂಡಿತು. ಅದು ಮಾಸಲು ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ.

ಅವನು ಮಡಿವಾಳನನ್ನು ಹಿಡಿದು ನಿಲ್ಲಿಸಿದ. "ಆ ಸಗಣಿ ಪಂಚೆಗೆ ಇಷ್ಟು ಬಿಳುಪು ಕೊಟ್ಟೆ. ನನಗೇಕೆ ಮೋಸ ಮಾಡಿದೆ?"

"ಅವನು ಒಗೆಯಲು ಕೊಟ್ಟ, ಒಗೆದೆ. ನೀವು ತೋರಿಸಲು ತಂದಿರಿ, ನೋಡಿದೆ. ಈಗಲಾದರೂ ಬಿಚ್ಚಿಕೊಡಿ ಯಜಮಾನರೇ, ಹಂಡೆ ಇನ್ನೂ ಬಿಸಿಯಿದೆ."

"ಅಲ್ಲಿಯತನಕ ಇಷ್ಟು ಜನರ ಮುಂದೆ ಗೋಣಿ ಸುತ್ತಿಕೊಂಡು ಕೂರಲೇ?" ಎಂದು ವ್ಯಾಪಾರಿ ಸಿಡುಕಿದ. ಹಸಿದ ಹೊಟ್ಟೆಯಲ್ಲೇ ಮನೆಯ ದಾರಿ ಹಿಡಿದ. ರೈತ ಕೂತು ಉಂಡ.

ಕತೆ ಮುಗಿಯಿತು. ಚೌರಪ್ಪನಿಗೆ ತಡೆಯಲಾಗಲಿಲ್ಲ. ಆ ಗಂಟೆ ಬಾರಿಸುವ ಕೈಯನ್ನು ಗಾಳಿಯಲ್ಲಿ ಬೀಸಿದ.

"ಎಂಥ ಮೂರ್ಖ ಸ್ವಾಮಿಗಳೇ ಅವನು! ಹಂಡೆ ಬಿಸಿಯಿದೆ ಅಂದರೂ ಎದ್ದು ಹೋದನಲ್ಲ! ಕಡೆಗೂ ಅವನಲ್ಲಿದ್ದದ್ದು ಬರೀ ಜಂಬ. ನಾನಾಗಿದ್ದರೆ ಗೋಣಿಯಲ್ಲ, ಬಾಳೆಲೆ ಸುತ್ತಿಕೊಂಡಾದರೂ ಕೂರುತ್ತಿದ್ದೆ. ಅರಮನೆಯ ಮಡಿವಾಳ ಸಿಕ್ಕಿರುವಾಗ ಯಾವನಾದರೂ ಮನೆಯಲ್ಲಿ ತಾನೇ ಒಗೆದುಕೊಂಡು ಬರುತ್ತಾನೆಯೇ?"

ಗುರುಗಳು ಬೋಗುಣಿಯನ್ನು ಕೆಳಗಿಟ್ಟರು. ಆಗ ಮೊದಲ ಸಲ ಶಿಷ್ಯನನ್ನು ನೋಡಿದರು, ಮುಖವನ್ನಲ್ಲ.

"ಬೆಳಗ್ಗೆಯಿಂದ ಎಷ್ಟು ಸಲ ಕಾಲು ತೊಳೆದೆ, ಚೌರಪ್ಪ?"

ಚೌರಪ್ಪ ಎರಡೂ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.