ಗಲ್ಲುಸನ ಅಂಗಳಕ್ಕೆ ಬಂದ ನೀರು

ರೋಮಾಪುರಿಗೆ ಕಲ್ಲಿನ ಕಮಾನುಗಳ ಮೇಲೆ ಬೆಟ್ಟದ ನೀರು ಹರಿದುಬರುತ್ತಿದ್ದ ಕಾಲವದು. ಶ್ರೀಮಂತ ಗಲ್ಲುಸನು ನೀರಗಂಟಿ ಫೆಲಿಕ್ಸನನ್ನು ಕರೆಸಿ, "ಬೀದಿಯ ತೊಟ್ಟಿಗೆ ಬೀಳುವ ನೀರೆಲ್ಲ ನಾಳೆಯಿಂದ ನನ್ನ ಅಂಗಳದ ಕೊಳಕ್ಕೆ ಬೀಳತಕ್ಕದ್ದು" ಎಂದು ಆಜ್ಞಾಪಿಸಿದನು.

ಬೀದಿಯವರಿಗೆ ಬೇರೆ ನೀರಿರಲಿಲ್ಲ. ಫೆಲಿಕ್ಸನು "ಅಪ್ಪಣೆ, ಒಡೆಯ" ಎಂದು ನೀರನ್ನು ತಿರುಗಿಸಿದನು. ಆಮೇಲೆ ಬೀದಿಯ ಹೆಂಗಸರಿಗೆ ಹೇಳಿದನು: "ತಾಯಂದಿರಾ, ಕೊಡ ಹೊತ್ತು ಗಲ್ಲುಸನ ಅಂಗಳಕ್ಕೇ ಹೋಗಿ. ಹಾಸಿಗೆ ಹಿಡಿದಿರುವ ಅವನ ತಾಯಿಯ ಕಿಟಕಿಯ ಕೆಳಗೆ ನಿಲ್ಲಿ. ಹರಟೆಗೆ ಮಾತ್ರ ಕೊರತೆಯಾಗಬಾರದು."

ಮರುದಿನ ಅಂಗಳ ತುಂಬಿದ್ದ ಹೆಂಗಸರನ್ನು ಕಂಡು ಗಲ್ಲುಸನು, "ಫೆಲಿಕ್ಸ್, ಈ ಸಂತೆಯನ್ನು ಓಡಿಸೋ!" ಎಂದು ಗುಡುಗಿದನು.

ಕಿಟಕಿಯಿಂದ ಮುದುಕಿಯ ನಗು ಕೇಳಿಸಿತು. "ಬೇಡವೋ ಮಗು! ರೊಟ್ಟಿಯಂಗಡಿಯವಳ ಸೊಸೆಯ ಕಥೆ ಇನ್ನೂ ಅರ್ಧಕ್ಕೇ ನಿಂತಿದೆ!"

ತಾಯಿ ನಕ್ಕು ವರ್ಷವಾಗಿತ್ತು. ಗಲ್ಲುಸನು ಕಿಟಕಿಯತ್ತ ತಲೆಯೆತ್ತಿ ನೋಡಿದನು.

"ಓಡಿಸಲೇ, ಒಡೆಯ?" ಎಂದನು ಫೆಲಿಕ್ಸ್.

"ಬಾಯಿ ಮುಚ್ಚಯ್ಯ. ಬಾಗಿಲನ್ನು ಇನ್ನಷ್ಟು ಅಗಲ ತೆಗೆ."

ಅಂದಿನಿಂದ ಬೀದಿಯ ಕೊಡಗಳೆಲ್ಲ ಆ ಅಂಗಳದಲ್ಲೇ ತುಂಬಿದವು.