ಹಾಲೆರೆದ ಕಂಬ

ಮಡ್ಡಿಗೇರಿಯ ಊರಾಚೆ ತಿರುಗುವುದು ನಿಂತುಹೋದ ಒಂದು ಎಣ್ಣೆಗಾಣದ ಚಪ್ಪರವಿತ್ತು. ಪರಮಪೂಜ್ಯ ಶ್ರೀ ಚಿದ್ಘನ ಸ್ವಾಮಿಗಳಿಗೆ ಅದೇ ಮಠ, ಅದೇ ಅರಮನೆ. ಹೊದೆಯಲು ಒಂದು ಕರಿಕಂಬಳಿ, ಕೈಗೊಂದು ಊರುಗೋಲು, ಉಣ್ಣಲು ಒಂದು ಮಣ್ಣಿನ ಬೋಗುಣಿ. ಊರವರು ಅವರನ್ನು ಬಾಯಿತುಂಬ ಕಂಬಳಿ ಅಜ್ಜನವರೆಂದೇ ಕರೆಯುತ್ತಿದ್ದರು. ಯಾರಾದರೂ ಹೆಸರಿಗೆ ಬಿರುದು ಹಚ್ಚಿ ಕೂಗಿದರೆ, ಅಜ್ಜನವರು ಹಿಂದೆ ತಿರುಗಿ, "ಯಾರ ಬಂದ್ರೋ ದೊಡ್ಡವರು?" ಎಂದು ಹುಡುಕುತ್ತಿದ್ದರಂತೆ.

ಅದೇ ಊರಿನ ಅಂದಾನೆಪ್ಪನವರು ಭಕ್ತರಲ್ಲಿ ಭಕ್ತರು. ಹಿಂದೊಮ್ಮೆ ಅಜ್ಜನವರು ಭಿಕ್ಷೆಗೆ ಬಂದಾಗ ಅವರ ಮನೆಯ ಪಡಸಾಲೆಯ ಮರದ ಕಂಬಕ್ಕೆ ಒರಗಿ ಕುಳಿತು, ಬಿಸಿಲಿನ ದಣಿವಿಗೆ ಒಂದು ಜೊಂಪು ತೆಗೆದಿದ್ದರು. ಆದದ್ದು ಅಷ್ಟೇ. ಅಂದಿನಿಂದ ಅದು ಅಜ್ಜಾರ ಕಂಬವಾಯಿತು. ಕಂಬದ ಬುಡಕ್ಕೆ ಎದೆಮಟ್ಟ ಹಿತ್ತಾಳೆಯ ತಗಡು ಸುತ್ತಿಸಿದರು. ದಿನಾ ಮುಂಜಾನೆ ಆಕಳು ಕರೆದ ನೊರೆಹಾಲು ಮೊದಲು ಕಂಬಕ್ಕೆ, ಅದರ ಮೇಲೆ ಬೆಲ್ಲದ ನೀರು, ಆಮೇಲೆ ಒಂದು ಕೊಡ ತಣ್ಣೀರು. ಮಿಕ್ಕ ಹಾಲು ಮನೆಮಂದಿಗೆ. ಅಜ್ಜನವರಿಗೆ ಗೊತ್ತಾದರೆ ಬೈದಾರೆಂದು ಈ ಪೂಜೆಯನ್ನು ಅವರಿಂದ ಮಾತ್ರ ಮುಚ್ಚಿಟ್ಟಿದ್ದರು. ಭಕ್ತಿ ಹೆಚ್ಚಾದಾಗ ಮನುಷ್ಯ ಯಾರಿಗೆ ಭಕ್ತನೋ ಅವರನ್ನೇ ಒಂದು ಮಾತು ಕೇಳುವುದಿಲ್ಲ, ನೋಡಿ.

ಹೀಗಿರಲು ಒಂದು ಬೆಳಗ್ಗೆ ಕಂಬದ ಬುಡದಲ್ಲಿ ಹೊನ್ನಿನ ಬಣ್ಣದ ಪುಡಿ ಕಂಡಿತು. ಒರೆಸಿದರೆ ಮರುದಿನ ಮತ್ತೆ ಅಷ್ಟೇ ಪುಡಿ. ಅಂದಾನೆಪ್ಪನವರ ಕಣ್ಣಲ್ಲಿ ನೀರು ಬಂತು. ಕಂಬ ಪ್ರಸಾದ ಕೊಡತೊಡಗಿದೆ! ಪುಡಿಯನ್ನು ಹಣೆಗೆ ಹಚ್ಚಿದರು, ನೆರೆಮನೆಯವರಿಗೆ ಹಂಚಿದರು, ಜ್ವರ ಬಂದ ಮಕ್ಕಳ ನಾಲಗೆಗೆ ಸವರಿದರು. ಸೊಸೆ ನೀಲಗಂಗಾ ಮಾತ್ರ ಬಾಗಿಲ ಮರೆಯಲ್ಲಿ ನಿಂತು ಒಮ್ಮೆ ಹೇಳಿದ್ದಳು.

"ಮಾಮಾರ, ಅದರಾಗ ಗೊದ್ದದ ಇರಿವೀ ಕಾಲು ಅದಾವ್ರಿ. ಮಧ್ಯಾಹ್ನ ಎಲ್ಲಾ ಸುಮ್ಮನಿದ್ದಾಗ ಕಂಬದಾಗ ಚರಚರ ಅಂತೈತ್ರಿ."

"ಅಶುಭ ನುಡೀಬ್ಯಾಡ. ಬಾಣಂತಿ ಬಾಣಂತಿ ಹಂಗ ಇರು," ಎಂದು ಮಾವ ಗದರಿದರು. ತವರಿನಲ್ಲಿ ಯಾರೂ ಇಲ್ಲದೆ ಗಂಡನ ಮನೆಯಲ್ಲೇ ಹೆತ್ತ ಹುಡುಗಿ ಅವಳು. ಬಾಯಿ ಮುಚ್ಚಿಕೊಂಡಳು.

ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಅಜ್ಜನವರನ್ನು ಕರೆದೊಯ್ಯಲು ಅಂದಾನೆಪ್ಪನವರು ತಾವೇ ಗಾಣದ ಚಪ್ಪರಕ್ಕೆ ಹೋದರು. ಆನಂದ ತಡೆಯಲಾಗದೆ ಅಂದು ಗುಟ್ಟನ್ನೂ ಬಿಚ್ಚಿಟ್ಟರು. ಸೊಸೆ ಆಡಿದ ಮಾತನ್ನೂ ಹೇಳಿ, "ಈಗಿನ ಹುಡುಗ್ಯಾರಿಗೆ ನಂಬಿಗಿ ಎಲ್ಲೈತ್ರಿ ಅಜ್ಜಾರ?" ಎಂದು ನಕ್ಕು, ಶಲ್ಯದ ತುದಿಗೆ ಗಂಟು ಹಾಕಿ ತಂದ ಪ್ರಸಾದವನ್ನು ಮುಂದಿಟ್ಟರು.

ಅಜ್ಜನವರು ರೊಟ್ಟಿ ಮುರಿಯುತ್ತಿದ್ದವರು ಕೈ ಒರೆಸಿಕೊಂಡು, ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರು. ನೋಡನೋಡುತ್ತ ಅವರ ಮುಖ ಬಿಳಿಚಿತು.

"ತೊಟ್ಟಿಲಾ ಎಲ್ಲಿ ಕಟ್ಟೀರಿ?"

"ನಿಮ್ಮ ಕಂಬದ ಬಾಜೂಕನ ರೀ, ತೊಲೀಗೆ. ಕೂಸು ನಿಮ್ಮ ನೆರಳಾಗ ಮಲಗಲಿ ಅಂತ."

ಉಣ್ಣುವ ಬೋಗುಣಿ ಅಲ್ಲೇ ಉಳಿಯಿತು. ಕಾಲಡಿ ಹುಳ ಸಿಕ್ಕೀತೆಂದು ನೆಲ ನೋಡಿಯೇ ಹೆಜ್ಜೆ ಇಡುವ ಅಜ್ಜನವರು ಓಡಿದರು! ಹಾದಿಯಲ್ಲಿ ಕಂಬಳಿ ಜಾರಿ ಬಿತ್ತು, ಅದನ್ನೂ ತಿರುಗಿ ನೋಡಲಿಲ್ಲ. ಅಂದಾನೆಪ್ಪನವರು ಆ ಕಂಬಳಿಯನ್ನು ಎತ್ತಿಕೊಂಡು, ಏನಾಯಿತೆಂದು ತಿಳಿಯದೆ, ಏದುಸಿರು ಬಿಡುತ್ತ ಬೆನ್ನಟ್ಟಿದರು.

ಪಡಸಾಲೆಯಲ್ಲಿ ಮುತ್ತೈದೆಯರು ಜೋಗುಳ ಹಾಡುತ್ತಿದ್ದರು. ಅಜ್ಜನವರು ಯಾರ ನಮಸ್ಕಾರವನ್ನೂ ಕಾಣದೆ ನೇರವಾಗಿ ಒಳನುಗ್ಗಿ, ತೊಟ್ಟಿಲಿನಿಂದ ಕೂಸನ್ನು ಎತ್ತಿ ನೀಲಗಂಗೆಯ ಮಡಿಲಿಗಿಟ್ಟರು.

"ಹೊರಗ ನಡಿ ತಾಯಿ. ಎಲ್ಲಾರೂ ಹೊರಗ ನಡೀರಿ."

ಹಾಡು ನಿಂತಿತು. ಶುಭದ ಹೊತ್ತಿನಲ್ಲಿ ತೊಟ್ಟಿಲು ಬರಿದು ಮಾಡುವುದೆಂದರೇನು! ಹೆಂಗಸರು ಪಿಸುಗುಟ್ಟುತ್ತಲೇ ಅಂಗಳಕ್ಕಿಳಿದರು. ಅಜ್ಜನವರು ಕಂಬದ ಹತ್ತಿರ ಹೋದಾಗ ಅಂದಾನೆಪ್ಪನವರು ಎರಡೂ ಕೈ ಚಾಚಿ ಅಡ್ಡ ನಿಂತರು.

"ಅಜ್ಜಾರ, ಬ್ಯಾಡ್ರಿ! ಆ ತಗಡು ಹರಕೀದು ಐತ್ರಿ. ಆ ಕಂಬ ಯಾರೂ ಮುಟ್ಟಂಗಿಲ್ರಿ."

"ಯಾರ ಕಂಬ ಅದು?"

"ನಿಮ್ಮದುರೀ."

"ನಂದಾದ್ರ ನಾನ ಬಿಚ್ಚತೀನಿ, ಹಿಂದ ಸರಿ."

ಊರುಗೋಲಿನ ತುದಿಯನ್ನು ತಗಡಿನ ಸಂದಿಗೆ ತೂರಿಸಿ ಅಜ್ಜನವರು ಒಮ್ಮೆ ಮೀಟಿದರು. ಹಿತ್ತಾಳೆ ಕಿರುಗುಟ್ಟಿ ಬಿಚ್ಚಿಕೊಂಡಿತು. ಹುಳಿತ ಹಾಲಿನ ನಾತ ಗಪ್ಪೆಂದು ಹೊಡೆಯಿತು. ಅದರ ಹಿಂದೆಯೇ ಗೊದ್ದಗಳು, ಹೆಬ್ಬೆರಳಿನ ಉಗುರಿನುದ್ದದ ಕಪ್ಪಿರುವೆಗಳು, ಬಾಯಲ್ಲಿ ಬಿಳಿ ಬಿಳಿ ಮರಿಗೂಡು ಕಚ್ಚಿಕೊಂಡು ದಬದಬನೆ ಸುರಿದವು. ಅಂದಾನೆಪ್ಪನವರು ಚಿಟ್ಟನೆ ಚೀರಿ ಹಿಂದೆ ಸರಿದರು. ಅಜ್ಜನವರು ಕಂಬಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ಬುಡದವರೆಗೂ ಒಳಗೆ ಹೋಯಿತು.

ಆಗಲೇ ಮಾಳಿಗೆಯ ಮಣ್ಣಿನ ಮೇಲ್ಮುದ್ದೆಯಿಂದ, ತೊಲೆಯ ಪಕ್ಕದಿಂದ, ಕಲ್ಲಿನಂಥ ಒಂದು ಮಣ್ಣುಹೆಂಟೆ ಕಳಚಿ ಖಾಲಿ ತೊಟ್ಟಿಲೊಳಗೆ ಬಿತ್ತು. ತೊಟ್ಟಿಲು ತಾನೇ ತೂಗಾಡಿತು.

ಅಂದಾನೆಪ್ಪನವರು ಗರ ಬಡಿದವರಂತೆ ತೂಗುವ ತೊಟ್ಟಿಲನ್ನೇ ನೋಡಿದರು. ಅವರ ಮಗ ಮಲ್ಲೇಶಿಯೇ ಮೊದಲು ಎಚ್ಚೆತ್ತು, ಕೊಟ್ಟಿಗೆಯಿಂದ ಬೇವಿನ ಬೊಡ್ಡೆಗಳನ್ನು ತರಿಸಿ ತೊಲೆಗೆ ಆಸರೆ ಕೊಡಿಸಿದ. ಆಮೇಲೆ ಕಂಬ ಕೀಳಲು ನಾಲ್ಕಾರು ಗಂಡಸರು ಸೊಂಟ ಬಿಗಿದು ನಿಂತರು. ಅವರು ಬೇಕಾಗಲೇ ಇಲ್ಲ. ಮಲ್ಲೇಶಿ ತಬ್ಬಿ ಅಲುಗಿಸಿದ್ದೇ ತಡ, ಕಂಬ ಹತ್ತಿಯ ಮೂಟೆಯಂತೆ ಅವನೊಬ್ಬನ ತೋಳಿಗೆ ಬಂತು. ಒಳಗೆ ಬರೀ ಗೊದ್ದಗಳ ಓಣಿ, ಕೋಣೆ, ಮಹಡಿ! ಇಷ್ಟು ದಿನ ಮಾಳಿಗೆಯನ್ನು ಹೊತ್ತಿದ್ದದ್ದು ಮೇಲಿನ ಸಿಪ್ಪೆ ಮಾತ್ರ.

ಯಾರೋ ಸೀಮೆಎಣ್ಣೆ ತಂದರು. ಅಜ್ಜನವರು ಕೈಯೆತ್ತಿ ತಡೆದರು.

"ಅವೇನ ಮಾಡಿದಾವು? ಗೊದ್ದ ಕಟ್ಟಿಗಿ ತಿನ್ನಂಗಿಲ್ಲೋ. ಹಸಿ ಹಿಡದು ಮೆತ್ತಗಾದದ್ದನ್ನ ಕೊರದು ಮನಿ ಮಾಡತೈತಿ. ಹಸಿ ಮಾಡಿದಾವ್ರು ಯಾರು?"

ಅಂದಾನೆಪ್ಪನವರು ತಮ್ಮ ಅಂಗೈ ನೋಡಿಕೊಂಡರು. ಹಾಲೆರೆದದ್ದು ಅವರ ಕೈ. ತೊಟ್ಟಿಲು ಕಟ್ಟಿದ್ದೂ ಅವರದೇ ಕೈ.

ಗೊದ್ದಗಳ ಸಾಲು ಹಿಡಿದು ಅಜ್ಜನವರು ಹಿತ್ತಲಿಗೆ ನಡೆದರು. ಬಚ್ಚಲ ನೀರು ನಿಲ್ಲುವಲ್ಲಿ ಒಂದು ಹಳೆಯ ಬೇವಿನ ಮೋಟು ಕೊಳೆಯುತ್ತಿತ್ತು. ಸಾಲು ಅದರೊಳಗೆ ಹೋಗಿತ್ತು.

"ತಾಯಿಗೂಡು ಇಲ್ಲೈತಿ. ಇದನ್ನ ಬಿಟ್ಟು ಕಂಬಾ ಅಷ್ಟ ಬದಲಿ ಮಾಡಿದ್ರ ಮತ್ತ ಬರ್ತಾವ," ಎಂದರು.

ಅವರ ಅಪ್ಪಣೆಯಂತೆ ಕಂಬವನ್ನೂ ಮೋಟನ್ನೂ ಗೂಡಿನ ಸಮೇತ ಬಂಡಿಯಲ್ಲಿ ಹೇರಿ ಹಳ್ಳದ ದಂಡೆಯ ಜಾಲಿಯ ಕೆಳಗೆ ಬಿಟ್ಟು ಬಂದರು. ಬಚ್ಚಲ ನೀರಿಗೆ ಬೇರೆ ಕಾಲುವೆಯಾಯಿತು. ಗೋಡೆಗೆ ಒರಗಿಸಿದ್ದ ಸೌದೆ ದೂರದ ಕಲ್ಲಿನ ಮೇಲೆ ಹೋಯಿತು, ಸಂದುಗಳಿಗೆ ಗಾರೆ ಬಿತ್ತು. ಮುಂದೆ ಹೊಸ ಕಂಬ ಎತ್ತರದ ಅಡಿಗಲ್ಲಿನ ಮೇಲೆ ನಿಂತಿತು. ನೆಲ ಒರೆಸುವ ಬಟ್ಟೆಯ ಹಸಿ ಕೂಡ ಅದಕ್ಕೆ ತಾಗಬಾರದೆಂದು ಅಜ್ಜನವರ ಕಟ್ಟಪ್ಪಣೆ.

ಆದರೆ ಆ ದಿನ, ಬಂಡಿ ಹಳ್ಳದತ್ತ ಹೊರಟ ಮೇಲೆ, ಅಂದಾನೆಪ್ಪನವರು ಅಜ್ಜನವರ ಪಾದಗಳ ಮೇಲೆ ಉರುಳಿದರು.

"ಅಜ್ಜಾರ, ಕೂಸಿನ್ನ ಕೊಲ್ಲತಿದ್ದೆರೀ ನಾ! ನಿಮ್ಮ ಹೆಸರಿನ ಮ್ಯಾಲ ಕೊಲ್ಲತಿದ್ದೆ. ನೀವ ಕಾಯ್ದ್ರಿ."

"ನನ್ನ ಕಾಲು ಬಿಡು," ಎಂದರು ಅಜ್ಜನವರು, ಮೆಲ್ಲಗೆ. "ಮೊದಲ ಹೇಳಿದಾಕಿ ಹೊರಗ ಕುಂತಾಳ."

ಅಂದಾನೆಪ್ಪನವರು ಎದ್ದರು. ಹಬ್ಬದ ಗಡಿಬಿಡಿಯಲ್ಲಿ ಕಂಬಕ್ಕೆಂದು ತೆಗೆದಿಟ್ಟ ಹಾಲು ಎರೆಯದೆ ಹಾಗೇ ಇತ್ತು. ಅದನ್ನು ತಾವೇ ಒಲೆಯ ಮೇಲಿಟ್ಟು ಕಾಯಿಸಿದರು. ಆ ಮನೆಯ ಒಲೆ ಅವರ ಕೈಯನ್ನು ಎಂದೂ ಕಂಡಿರಲಿಲ್ಲ. ಬೆಲ್ಲ ಹಾಕಿ ತಂಬಿಗೆಗೆ ತುಂಬಿ ಅಂಗಳಕ್ಕೆ ಬಂದರು. ಮಾವ ಬರುವುದು ಕಂಡು ನೀಲಗಂಗಾ ಕೂಸನ್ನು ಅವಚಿಕೊಂಡು, ಸೆರಗೆಳೆದು, ಗಾಬರಿಯಿಂದ ಎದ್ದು ನಿಂತಳು. ಇಡೀ ಊರಿನ ಮುಂದೆ ಆ ಹಿರಿಯರು ತಂಬಿಗೆಯನ್ನು ಅವಳ ಮುಂದಿಟ್ಟು, ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದರು. ಹೆಂಗಸರು ಅಯ್ಯೋ ಎಂದು ಬಾಯಿಗೆ ಕೈ ಇಟ್ಟರು.

"ಯವ್ವಾ," ಎಂದರು ಅಂದಾನೆಪ್ಪನವರು, ಎದ್ದು ಕುಳಿತರೂ ತಲೆ ಎತ್ತದೆ. "ನೀ ಹೇಳಿದ್ದಿ. ನಾ ಕೇಳಲಿಲ್ಲ. ಕುಡಿ."

ನೀಲಗಂಗಾ ಕೂಸನ್ನು ಯಾರಿಗೆ ಕೊಡಲೆಂದು ಸುತ್ತ ನೋಡಿದಳು. ಆಮೇಲೆ ಬಾಗಿ, ಅದನ್ನು ಮಾವನ ಮಡಿಲಿಗೇ ಇಟ್ಟು, ತಂಬಿಗೆ ತೆಗೆದುಕೊಂಡಳು.