ಟೈಮ್ ಕೀಪರ್ ಭುಜಂಗನ ಸಿಂಗಾಪುರ ಟ್ರಿಪ್ಪು

ಕರಾವಳಿಯ ಒಂದು ಪೇಟೆಯಲ್ಲಿ ಭುಜಂಗ ಎಂಬ ಟೈಮ್ ಕೀಪರ್ ಇದ್ದ. ಖಾಸಗಿ ಬಸ್ಸುಗಳ ನಿಲ್ದಾಣದಲ್ಲಿ ನಿಂತು ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದು ಅವನ ಕೆಲಸ. ಆ ಕಡೆ ಬಸ್ಸಿನ ಬೆನ್ನಿಗೇ ಬಸ್ಸು. ಮುಂದಿನದು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನವೆಲ್ಲ ಅದಕ್ಕೇ ಹತ್ತಿಬಿಡುತ್ತಾರೆ. ಆಮೇಲೆ ಡ್ರೈವರುಗಳು ಕಾಲರ್ ಹಿಡಿದುಕೊಳ್ಳುವಷ್ಟು ಜಗಳ. ಹಾಗಾಗಿ ಭುಜಂಗನ ಸೀಟಿ ಬಾಯಲ್ಲಿ, ಕಣ್ಣು ಗಡಿಯಾರದಲ್ಲಿ. ಅವನು ಸೀಟಿ ಊದಿದನೆಂದರೆ ಡ್ರೈವರನ ಅರ್ಧ ಚಾ ಲೋಟದಲ್ಲೇ ಉಳಿಯಬೇಕು.

ಹೀಗೆ ಹದಿನಾರು ವರ್ಷ ಅವನು ಊರನ್ನೆಲ್ಲ ಹತ್ತಿಸಿ ಕಳಿಸಿದ. ಮದುವೆಗೆ ಹೋಗುವವರನ್ನು, ಕಾಲೇಜಿಗೆ ಹೋಗುವವರನ್ನು, ವಿಮಾನ ಹಿಡಿಯಲು ಹೋಗುವವರನ್ನು, ಎಲ್ಲರನ್ನೂ. ತಾನು ಮಾತ್ರ ಕಾರವಾರದ ಆಚೆ ಕಾಲಿಟ್ಟವನಲ್ಲ.

ಅಂಥವನಿಗೆ ಒಂದು ದಿನ ಸಿಂಗಾಪುರದಿಂದ ಕರೆ ಬಂತು. ಹೆಂಡತಿ ವಸಂತಿಯ ಅಕ್ಕ ಸರಳಾ ಅಲ್ಲಿದ್ದಳು. ಅವಳ ಗಂಡ ಅಲ್ಲೊಂದು ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಮಗುವನ್ನು ಕಟ್ಟಿಕೊಂಡು ನಾಲ್ಕು ದಿನಕ್ಕೆ ಬನ್ನಿ ಎಂದು ಅವಳು ಹಟ ಹಿಡಿದಳು.

ಮಗು ಎಂದರೆ ಇಂಚರ. ಎರಡು ವರ್ಷ ಮೂರು ತಿಂಗಳು. ಎರಡು ತುಂಬಿದ್ದರಿಂದ ವಿಮಾನದಲ್ಲಿ ಅವಳಿಗೇ ಒಂದು ಸೀಟು. ಪಾಸ್‌ಪೋರ್ಟಿನ ಫೋಟೋಕ್ಕೆ ಕೂರಿಸಿದರೆ ಒಂದರಲ್ಲಿ ಕಣ್ಣು ಮುಚ್ಚಿದಳು, ಒಂದರಲ್ಲಿ ನಾಲಿಗೆ ಚಾಚಿದಳು, ಇನ್ನೊಂದರಲ್ಲಿ ಇರಲೇ ಇಲ್ಲ, ಬರೀ ಸ್ಟೂಲು ಬಂದಿತ್ತು. ಆರನೆಯ ಸಲಕ್ಕೆ ಸರಿಹೋಯಿತು. ಆ ಪುಸ್ತಕ ಮನೆಗೆ ಬಂದ ದಿನ ಭುಜಂಗ ಅದನ್ನು ನಿಲ್ದಾಣಕ್ಕೆ ಒಯ್ದು ಹದಿನೆಂಟು ಬಸ್ಸಿನ ಕಂಡಕ್ಟರುಗಳಿಗೆ ತೋರಿಸಿದ. ಅಂದು ಒಂದು ಬಸ್ಸು ಅರ್ಧ ನಿಮಿಷ ತಡವಾಗಿ ಹೊರಟಿತು. ಅವನ ಜೀವಮಾನದಲ್ಲಿ ಅದೇ ಮೊದಲು.

ಮರುದಿನದಿಂದ ಅವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಸ್ಸಿನ ಟ್ರಿಪ್ ಶೀಟುಗಳ ಹಿಂಬದಿಗೆ ಸ್ಕೇಲು ಇಟ್ಟು ಗೆರೆ ಎಳೆದ. ನೀಲಿ ಪೆನ್ನಿನಲ್ಲಿ ಜಾಗದ ಹೆಸರು, ಕೆಂಪಿನಲ್ಲಿ ಗಂಟೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ ಎಂಬುದನ್ನೂ ಕೂಡಿಸಿ ಕಳೆದು ಇಟ್ಟ. ನಾಲ್ಕು ದಿನಕ್ಕೆ ಇಪ್ಪತ್ಮೂರು ಜಾಗ. ಐದು ನಲವತ್ತಕ್ಕೆ ಮಗುವನ್ನು ಎಬ್ಬಿಸುವುದು. ಐದು ಐವತ್ತೆರಡಕ್ಕೆ ಹಾಲು. ಸ್ನಾನಕ್ಕೆ ಆರು ನಿಮಿಷ. ಆರು ಇಪ್ಪತ್ತಕ್ಕೆ ಮನೆಯಿಂದ ಹೊರಡುವುದು. ಏಳಕ್ಕೆ ಹೂದೋಟ, ಎಂಟು ಹತ್ತಕ್ಕೆ ಹಕ್ಕಿಗಳು, ಒಂಬತ್ತೂವರೆಗೆ ದೊಡ್ಡ ತೊಟ್ಟಿಲು ಚಕ್ರ. ಮಗುವಿನ ಮೂತ್ರಕ್ಕೂ ಮೂರು ಮೂರು ನಿಮಿಷ ಹಂಚಿದ್ದ.

ನಿಲ್ದಾಣದ ಕ್ಯಾಂಟೀನಿನ ಶೀನಣ್ಣ ಆ ಶೀಟನ್ನು ಮೂಗಿನ ಹತ್ತಿರ ಹಿಡಿದು ಓದಿದ. ಸಿಂಗಾಪುರದವರು ನಿನ್ನನ್ನು ಅಲ್ಲಿಯೇ ಕೆಲಸಕ್ಕೆ ಇಟ್ಟುಕೊಂಡಾರು, ಜಾಗ್ರತೆ ಎಂದ. ಭುಜಂಗನಿಗೆ ಅದು ಹೊಗಳಿಕೆಯ ಹಾಗೆಯೇ ಕೇಳಿಸಿತು.

ಸಂಜೆ ಶೀಟು ವಸಂತಿಯ ಕೈಗೆ ಹೋಯಿತು. ಅವಳು ಮೇಲಿಂದ ಕೆಳಗೆ ಓದಿದಳು. ತಿರುಗಿಸಿ ಇನ್ನೊಮ್ಮೆ ಓದಿದಳು.

"ಇದರಲ್ಲಿ ಮಗು ಮಲಗುವುದು ಯಾವಾಗ?" ಎಂದು ಕೇಳಿದಳು.

"ದಾರಿಯಲ್ಲಿ. ಅಲ್ಲಿ ರೈಲು ಅಲುಗಾಡುವುದಿಲ್ಲವಂತೆ."

"ಹಟ ಮಾಡುವುದು?"

"ಅದಕ್ಕೆ ಟೈಮ್ ಇಟ್ಟಿಲ್ಲ."

"ನೀವು ಇಡದಿದ್ದರೆ ಅವಳು ಇಟ್ಟುಕೊಳ್ಳುತ್ತಾಳೆ, ಮಾರಾಯ್ರೆ," ಎಂದಳು ವಸಂತಿ.

ಭುಜಂಗನ ಮುಖ ಸಣ್ಣದಾಯಿತು. ಅವನು ಮೆಲ್ಲನೆ ಹೇಳಿದ: "ಹದಿನಾರು ವರ್ಷ ಊರಿಗೆಲ್ಲ ರೈಟ್ ಹೇಳಿದವ ನಾನು. ನಾನು ಹತ್ತುವುದು ಇದೊಂದೇ ಸಲ. ಇನ್ನೊಮ್ಮೆ ಹೋಗುವುದುಂಟೋ ಇಲ್ಲವೋ ಯಾರಿಗೆ ಗೊತ್ತು? ಒಂದು ಜಾಗವೂ ಬಿಟ್ಟುಹೋಗಬಾರದು."

ವಸಂತಿಗೆ ಅವನ ಆಸೆ ಅರ್ಥವಾಗಲಿಲ್ಲವೆಂದಲ್ಲ. ಆದರೆ ಈ ಶೀಟಿನ ಪ್ರಕಾರ ಹೋದರೆ ನಾಲ್ಕು ದಿನವೂ ಮಗು ಅಳುತ್ತದೆ, ತಾನು ಸಮಾಧಾನ ಮಾಡುತ್ತೇನೆ, ಗಂಡ ಗಡಿಯಾರ ನೋಡುತ್ತಾನೆ, ಮೂವರೂ ಸೋತು ಬರುತ್ತೇವೆ ಎಂಬುದೂ ಅವಳಿಗೆ ಕಾಣುತ್ತಿತ್ತು. ಜಗಳಕ್ಕೆ ನಿಲ್ಲುವ ಹೆಂಗಸಲ್ಲ ಅವಳು. ಗಂಡನ ಭಾಷೆಯಲ್ಲೇ ಕೇಳಿದಳು.

"ಹೊಸ ರೂಟಿಗೆ ಬಸ್ಸು ಹಾಕುವ ಮೊದಲು ಒಂದು ಟ್ರಯಲ್ ಓಡಿಸುವುದಿಲ್ವಾ ನೀವು? ಇದನ್ನೂ ಓಡಿಸಿ ನೋಡುವ."

ಒಪ್ಪಂದ ಆಯಿತು. ಬರುವ ಆದಿತ್ಯವಾರ ವಸಂತಿಯ ತವರೂರಿನಲ್ಲಿ ಅರ್ಧ ದಿನದ ಸುತ್ತಾಟ, ಆರು ಜಾಗ, ಭುಜಂಗನದೇ ಟೈಮಿಂಗು. ಅಷ್ಟು ಹೊತ್ತೂ ವಸಂತಿ ಬಾಯಿ ಬಿಡುವಂತಿಲ್ಲ. ಟ್ರಯಲ್ ಗೆದ್ದರೆ ಸಿಂಗಾಪುರದಲ್ಲೂ ಅವಳು ಶೀಟಿನ ಪ್ರಕಾರ ತುಟಿ ಹೊಲಿದುಕೊಂಡು ನಡೆಯುತ್ತಾಳೆ. ಸೋತರೆ ಅವಳೂ ಮಗುವೂ ಅಕ್ಕನ ಮನೆಯಲ್ಲಿ ಆರಾಮಾಗಿ ಇರುತ್ತಾರೆ. ಇಪ್ಪತ್ಮೂರು ಜಾಗವನ್ನು ಭುಜಂಗ ಒಬ್ಬನೇ ಸುತ್ತಿ ಬರಬಹುದು.

ಒಬ್ಬನೇ ಎಂಬ ಮಾತು ಭುಜಂಗನಿಗೆ ಚುಚ್ಚಿತು. ಆದರೂ ಟೈಮಿಂಗಿನ ವಿಷಯದಲ್ಲಿ ಸೋಲುವ ಪೈಕಿಯೇ ಅವನು?

ಆದಿತ್ಯವಾರ ಬಂತು. ತವರೂರು ಮುಕ್ಕಾಲು ತಾಸಿನ ದಾರಿ. ಭುಜಂಗ ದಿನಕ್ಕೆ ಇಪ್ಪತ್ತು ಬಸ್ಸು ಕಳಿಸುವ ಊರೇ. ಆದರೆ ಮದುವೆ ಮುಂಜಿಗೆ ಹೋಗಿ ಉಂಡು ಬಂದದ್ದು ಬಿಟ್ಟರೆ ಅದನ್ನು ಅವನು ಸುತ್ತಿ ನೋಡಿದವನಲ್ಲ. ಹೊರಡುವಾಗಲೇ ಇಂಚರ ಚಪ್ಪಲಿಯನ್ನು ತಾನೇ ಹಾಕಿಕೊಳ್ಳುತ್ತೇನೆಂದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಮತ್ತೆ ಬಿಚ್ಚಿ ಮತ್ತೆ ಅದೇ. ಹನ್ನೊಂದು ನಿಮಿಷ. ಭುಜಂಗ ಅವಳನ್ನು ಎತ್ತಿಕೊಂಡು ಓಡಿ ಬಸ್ಸು ಹಿಡಿದ.

ಮೊದಲ ಜಾಗ ಮೀನಿನ ಬಂದರು. ದೋಣಿಗಳಿಗೆ ಮಂಜುಗಡ್ಡೆ ತುಂಬಿಸುವ ಹೊತ್ತು ಅದು. ದೊಡ್ಡ ಗಡ್ಡೆಯನ್ನು ಯಂತ್ರದ ಬಾಯಿಗೆ ಹಾಕಿದರೆ ಗರಗರ ಪುಡಿಯಾಗಿ ಕೊಳವೆಯಲ್ಲಿ ದೋಣಿಯ ಹೊಟ್ಟೆಗೆ ಸುರಿಯುತ್ತಿತ್ತು. ಇಂಚರ ನಿಂತಲ್ಲೇ ನಿಂತಳು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಕೆಲಸದವನೊಬ್ಬ ಒಂದು ಚೂರು ಆರಿಸಿ ಅವಳ ಅಂಗೈಗೆ ಇಟ್ಟ. ಚೂರು ಕರಗಿತು. ಅವಳು ಕೈ ಮಗುಚಿ ನೋಡಿದಳು, ಕೈಯ ಹಿಂಬದಿಯಲ್ಲೂ ಹುಡುಕಿದಳು. "ಇನ್ನೊಂದು" ಎಂದಳು. ಅದೂ ಕರಗಿತು. ಅವಳು ಹೊಟ್ಟೆ ಹಿಡಿದು ನಕ್ಕಳು.

"ಇನ್ನೊಂದು, ಅಪ್ಪ."

ಎಂಟು ನಲವತ್ತೆಂಟು. ಭುಜಂಗ ಸೀಟಿ ಊದಿದ. ಮಗು ಕದಲಲಿಲ್ಲ. ಎತ್ತಿಕೊಂಡ. ಬಂದರಿನ ಗೇಟಿನಿಂದ ಶುರುವಾದ ಅಳು ದೀಪಸ್ತಂಭದವರೆಗೂ ನಿಲ್ಲಲಿಲ್ಲ. ದೀಪಸ್ತಂಭದ ಬುಡದಲ್ಲಿ ಅವಳು ನೆಲಕ್ಕೆ ಬಿದ್ದು ಹೊರಳಾಡಿದಳು. ವಸಂತಿ ಮಾತಿನ ಪ್ರಕಾರ ತುಟಿ ಬಿಚ್ಚದೆ ಚೀಲ ಹೊತ್ತು ಹಿಂದೆ ನಡೆದಳು. ಮೂರನೆಯ ಜಾಗಕ್ಕೆ ಹೋಗುವಷ್ಟರಲ್ಲಿ ಮಗು ಬಿಕ್ಕಿ ಬಿಕ್ಕಿ ಅಪ್ಪನ ಹೆಗಲ ಮೇಲೆ ನಿದ್ದೆಹೋಯಿತು. ಭುಜಂಗನಿಗೆ ಒಳಗೊಳಗೇ ಖುಷಿ. ಮಲಗಿದ ಮಗುವನ್ನು ಹೊತ್ತು ಸೇತುವೆ ಮುಟ್ಟಿದ, ಹಳೆಯ ಹೆಂಚಿನ ಕಾರ್ಖಾನೆ ಮುಟ್ಟಿದ, ಪಾರ್ಕು ಮುಟ್ಟಿದ, ಕಡಲ ದಂಡೆ ಮುಟ್ಟಿದ. ಪ್ರತಿ ಜಾಗಕ್ಕೂ ಒಂದು ಟಿಕ್ಕು. ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಮನೆ ಸೇರಬೇಕು ಎಂದಿತ್ತು. ಹನ್ನೆರಡು ಎಂಟಕ್ಕೇ ಸೇರಿದ.

ಟ್ರಯಲ್ ಗೆದ್ದಿತ್ತು.

ವಸಂತಿ ಮಾತಿಗೆ ತಪ್ಪುವವಳಲ್ಲ. ಸಿಂಗಾಪುರದ ಶೀಟನ್ನೂ ಟಿಕ್ಕು ಹಾಕಿದ ಈ ಶೀಟನ್ನೂ ತೆಗೆದು ಪಾಸ್‌ಪೋರ್ಟುಗಳ ಜೊತೆಗೇ ಇಟ್ಟಳು. ಆಯಿತು, ನೀವು ಹೇಳಿದ ಹಾಗೆಯೇ ಆಗಲಿ ಎಂದು ಒಳಗೆ ಹೋಗಿ ಗಂಜಿಗೆ ಇಟ್ಟಳು. ಭುಜಂಗ ಅಂಗಿ ಕಳಚಿ, ಗೆದ್ದ ಜಟ್ಟಿಯ ಹಾಗೆ ಜಗಲಿಯ ಮೇಲೆ ಕೂತ.

ಆಗ ಸಿಂಗಾಪುರದಿಂದ ಸರಳಾ ಫೋನು ಮಾಡಿದಳು. ಮುಖ ಕಾಣುವ ಫೋನು. ಇಂಚರ ಎದ್ದು ಕಣ್ಣುಜ್ಜುತ್ತಾ ಬಂದು ಅದರ ಮುಂದೆ ಕೂತಳು.

"ಬಂಗಾರಿ, ಇವತ್ತು ಎಂತ ನೋಡಿದೆ?" ಎಂದು ಸರಳಾ ಕೇಳಿದಳು.

ಮಗು ಅಂಗೈ ತೆರೆದು ಫೋನಿಗೆ ತೋರಿಸಿತು. "ಐಸ್, ದೊಡ್ಡಮ್ಮ. ಅಪ್ಪ ಬೇಡ ಅಂದ."

ಸರಳಾ ನಕ್ಕು ಭುಜಂಗನನ್ನು ಮಾತಿಗೆಳೆದಳು. ಇವರು ತವರೂರು ಸುತ್ತಲು ಹೋದ ಸಂಗತಿ ಅವಳಿಗೆ ತಿಳಿದಿತ್ತು, ಅವಳಿಗೂ ತನ್ನ ಊರಿನ ಹಂಬಲ. "ಭುಜಂಗಣ್ಣ, ನಮ್ಮ ದೀಪಸ್ತಂಭಕ್ಕೆ ಈಗ ಯಾವ ಬಣ್ಣ ಹಚ್ಚಿದ್ದಾರೆ? ನಾವು ಶಾಲೆಗೆ ಹೋಗುವಾಗ ಕೆಂಪು ಪಟ್ಟೆ ಇತ್ತು."

ಭುಜಂಗ ಬಾಯಿ ತೆರೆದ. ಕೆಂಪು ಎನ್ನಲೇ, ಕಪ್ಪು ಎನ್ನಲೇ? ಎಷ್ಟು ಯೋಚಿಸಿದರೂ ಕಣ್ಣಿಗೆ ಬಂದದ್ದು ಒಂದೇ: ತನ್ನ ಮಣಿಕಟ್ಟು. ಒಂಬತ್ತು ಐದು. ಗಂಟೆ ನೆನಪಿತ್ತು. ಕಂಬದ ಬಣ್ಣ ನೆನಪಿರಲಿಲ್ಲ. ಸೇತುವೆಯ ಕೆಳಗೆ ನೀರು ಏರಿತ್ತೋ ಇಳಿದಿತ್ತೋ ಅದೂ ತಿಳಿಯದು. ಆರು ಜಾಗದಲ್ಲಿ ಒಂದನ್ನಾದರೂ ನೋಡಿದವಳೆಂದರೆ ಆ ಎರಡು ವರ್ಷದ ಪೋರಿ. ಅವಳು ನೋಡಿದ್ದು ಒಂದೇ ಒಂದು. ಅದನ್ನೂ ತಾನು ಅರ್ಧಕ್ಕೆ ಕಿತ್ತುಕೊಂಡಿದ್ದ.

ನೆಟ್‌ವರ್ಕ್ ಸರಿ ಇಲ್ಲ ಎಂದು ಸುಳ್ಳು ಹೇಳಿ ಫೋನನ್ನು ವಸಂತಿಗೆ ಕೊಟ್ಟ. ಪಾಸ್‌ಪೋರ್ಟುಗಳ ನಡುವಿನಿಂದ ಟಿಕ್ಕಿನ ಶೀಟನ್ನು ಎಳೆದ. ಅವನ ಕಸುಬಿನಲ್ಲಿ ಒಂದು ಕ್ರಮವಿದೆ. ಬಸ್ಸು ಸಮಯಕ್ಕೆ ಬಂದರೂ ಒಳಗೆ ಜನ ಇಲ್ಲದಿದ್ದರೆ ಅದನ್ನೂ ಬರೆಯಬೇಕು. ಹದಿನಾರು ವರ್ಷದಲ್ಲಿ ಅವನು ಶೀಟಿನಲ್ಲಿ ಸುಳ್ಳು ಬರೆದವನಲ್ಲ. ಕೆಂಪು ಪೆನ್ನು ತೆಗೆದು ಆರು ಟಿಕ್ಕುಗಳ ಕೆಳಗೆ ಬರೆದ: ಸಮಯಕ್ಕೆ ಸರಿಯಾಗಿ ಬಂದಿದೆ. ಖಾಲಿ ಬಂದಿದೆ.

ವಸಂತಿ ಅದನ್ನು ಓದಿದಳು. ಹೇಳಲಿಲ್ಲವೇ ನಾನು ಎಂದು ಕೆಣಕಬಹುದಿತ್ತು. ಕೆಣಕಲಿಲ್ಲ. ಇನ್ನೊಂದು ಟ್ರಿಪ್ ಶೀಟನ್ನು ಮಗುಚಿ, ಖಾಲಿ ಹಿಂಬದಿ ಮೇಲಾಗಿ ಅವನ ಮುಂದೆ ಇಟ್ಟು, "ಹೊಸದು ಹಾಕಿ. ನಾನೂ ಕೂರುತ್ತೇನೆ," ಎಂದಳು.

ಮರುದಿನ ಭುಜಂಗ ಅರ್ಧ ದಿನದ ರಜೆ ಹಾಕಿದ. ಗಡಿಯಾರವನ್ನು ಮೊಳೆಗೆ ತೂಗುಹಾಕಿ ಮಗುವನ್ನು ಮತ್ತೆ ಬಂದರಿಗೆ ಕರಕೊಂಡು ಹೋದ. ಐಸಿನ ಚೂರು ಎಷ್ಟು ಕರಗಿದವೋ ದೇವರಿಗೇ ಗೊತ್ತು. ಅವನ ಕೈಯಲ್ಲೂ ಒಂದಷ್ಟು ಕರಗಿದವು. ಬರುವಾಗ ದೀಪಸ್ತಂಭ ನೋಡಿದ. ಕಪ್ಪು ಪಟ್ಟೆ.

ಆಮೇಲೆ ಮನೆಯಲ್ಲಿ ಸಿಂಗಾಪುರದ ಸಡಗರವೋ ಸಡಗರ. ಇಪ್ಪತ್ಮೂರು ಜಾಗ ಎಂಟಕ್ಕೆ ಇಳಿಯಿತು. ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಊಟ, ನಿದ್ದೆ, ಏನೂ ಬರೆಯದ ಖಾಲಿ ಚೌಕಗಳು. ಆ ಚೌಕಗಳ ಕಡೆ ಭುಜಂಗನ ಪೆನ್ನು ಎರಡು ಸಲ ಹೋಗಿ ಬಂತು, ಆದರೂ ಖಾಲಿಯೇ ಬಿಟ್ಟ. ಮಗು ಹೇಗೂ ಮಧ್ಯಾಹ್ನ ಮಲಗುತ್ತಾಳೆಂದು ಮಧ್ಯಾಹ್ನದ ವಿಮಾನವನ್ನೇ ಆರಿಸಿದರು. ಅವಳ ಗಂಜಿಗೆಂದು ಕುಚ್ಚಲಕ್ಕಿ ಹುರಿದು ಪುಡಿ ಮಾಡಿದರು. ಅವಳು ಮೂಗಿಗೆ ಉಜ್ಜಿಕೊಂಡು ಮಲಗುವ ಹಳೆಯ ಸೀರೆಯ ತುಂಡು, ಕಿವಿ ಕಟ್ಟಿದರೆ ಚೀಪಲು ಬೆಲ್ಲದ ಮಿಠಾಯಿ, ಅವಳು ವಾಂತಿ ಮಾಡಿದರೆ ಎಂದು ಅಪ್ಪ ಅಮ್ಮಂದಿರಿಗೂ ಕೈಚೀಲದಲ್ಲಿ ಒಂದೊಂದು ಜೊತೆ ಬಟ್ಟೆ. ಚಪ್ಪಲಿಗೆ ಹನ್ನೊಂದು ನಿಮಿಷ. ಅದನ್ನು ಮಾತ್ರ ಭುಜಂಗ ಕೆಂಪಿನಲ್ಲೇ ಬರೆದ. ಸಂಜೆಯಾದರೆ ಮೂರು ಕುರ್ಚಿ ಸಾಲಾಗಿ ಇಟ್ಟು, ಸೊಂಟಕ್ಕೆ ಟವೆಲು ಕಟ್ಟಿಕೊಂಡು ವಿಮಾನದ ಆಟ. ಕಿಟಕಿಯ ಸೀಟಿಗೆ ದಿನವೂ ಅಪ್ಪ ಮಗಳ ಜಗಳ.

ಹೊರಡುವ ದಿನ ಬಂದೇ ಬಂತು. ವಿಮಾನ ಓಟದ ದಾರಿಯ ತುದಿಗೆ ಹೋಗಿ ಒಂದು ಕ್ಷಣ ನಿಂತಿತು. ಅಭ್ಯಾಸಬಲ, ಭುಜಂಗನ ಕೈ ಸೀಟಿ ಹುಡುಕಿ ಜೇಬಿಗೆ ಹೋಯಿತು. ಜೇಬು ಖಾಲಿ. ಕಿಟಕಿಯ ಬದಿಯಿಂದ ಇಂಚರ ಮುಂದಿನ ಸೀಟಿನ ಬೆನ್ನಿಗೆ ಪಟ್ ಎಂದು ಹೊಡೆದು ಹೇಳಿದಳು:

"ರೈಟ್!"

ವಿಮಾನ ಹೊರಟಿತು. ಹದಿನಾರು ವರ್ಷದಲ್ಲಿ ಭುಜಂಗನಿಗೆ ಯಾರಾದರೂ ರೈಟ್ ಹೇಳಿದ್ದು ಅದೇ ಮೊದಲು.

ಹಿಂದಿರುಗಿದ ಮೇಲೆ ಕ್ಯಾಂಟೀನಿನಲ್ಲಿ ಶೀನಣ್ಣ ಚಾ ಇಟ್ಟು, ಎಷ್ಟು ಜಾಗ ಮುಗಿಸಿದೆ ಎಂದು ಕೇಳಿದ. ಎಂಟರಲ್ಲಿ ಐದು ಎಂದ ಭುಜಂಗ. ಉಳಿದ ಮೂರಕ್ಕೆ ಎಂತ ಆಯಿತು ಎಂದು ಶೀನಣ್ಣ ಮತ್ತೆ ಕೇಳಿದ.

ಭುಜಂಗ ಲೋಟ ಕೆಳಗಿಟ್ಟ. ಸಿಂಗಾಪುರದಲ್ಲಿ ಸರಳಾಳ ಮನೆಯ ಎದುರು ಒಂದು ಅಂಗಳ. ಅಲ್ಲಿ ನೆಲದಿಂದಲೇ ನೀರು ಚಿಮ್ಮುವ ಕಾರಂಜಿ. "ಅದಕ್ಕೆ ಹದಿನೇಳು ತೂತು, ಶೀನಣ್ಣ. ಹದಿನಾರು ಒಟ್ಟಿಗೆ ಏಳುತ್ತವೆ. ಗೋಡೆಯ ಬದಿಯದ್ದೊಂದು ಸೋಮಾರಿ, ಒಂದು ಉಸಿರಿನಷ್ಟು ತಡ. ಅದು ಏಳುವವರೆಗೆ ನನ್ನ ಮಗಳು ಅದರ ಮೇಲೆ ಅಂಗೈ ಮುಚ್ಚಿ ಕಾಯುತ್ತಾಳೆ. ಎದ್ದ ಕೂಡಲೇ ಅವಳ ಮುಖಕ್ಕೇ ಹೊಡೆಯುತ್ತದೆ. ಆಮೇಲೆ ನನ್ನ ಪಾಳಿ."

"ನೀನೂ ಒದ್ದೆಯಾದೆಯಾ?"

"ಮೂರು ಸಂಜೆ," ಎಂದ ಭುಜಂಗ.

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅವನು ಎದ್ದು ಸೀಟಿ ಬಾಯಿಗಿಟ್ಟ. ಅಷ್ಟು ದೂರದಲ್ಲಿ ಒಬ್ಬಳು ತಾಯಿ ಬರುತ್ತಿದ್ದಳು, ಪಕ್ಕದಲ್ಲಿ ಅವಳ ಬೆರಳು ಹಿಡಿದ ಕೂಸು. ಕೂಸು ತಾನೇ ನಡೆಯುತ್ತೇನೆಂದು ಹಟ ಹಿಡಿದಿತ್ತು. ಭುಜಂಗ ಸೀಟಿಯನ್ನು ಕೈಯಲ್ಲಿ ಹಿಡಿದು ನಿಂತ. ಆ ಸಣ್ಣ ಕಾಲು ಮೆಟ್ಟಿಲು ಹತ್ತಿದ ಮೇಲೆಯೇ ಊದಿದ.

ನೀತಿ: ಪುಟ್ಟ ಮಗುವಿನ ಜೊತೆ ದೂರದೇಶಕ್ಕೆ ಹೊರಡುವವರು ದಿನದ ಪಟ್ಟಿಯನ್ನು ಅತಿ ಚಿಕ್ಕ ಕಾಲಿನ ಅಳತೆಗೆ ಹಾಕಿಕೊಳ್ಳಲಿ. ಇಪ್ಪತ್ತು ಜಾಗ ಮುಟ್ಟಿ ಖಾಲಿ ಬರುವುದಕ್ಕಿಂತ, ಒಂದೇ ಜಾಗದಲ್ಲಿ ಕೂಸಿನ ಜೊತೆ ನಿಂತು ಒದ್ದೆಯಾಗಿ ಬರುವುದು ಮೇಲು.